ಬಳ್ಳಾರಿಯ ಬಿಸಿಲೂ ಮದರ್‌ಬೋರ್ಡೂ

ಬಳ್ಳಾರಿಯಲ್ಲಿ ಯಾವ ಪದಾರ್ಥವನ್ನು ಕೊಳ್ಳಹೋದರೂ ಕೊಳ್ಳುವವನು ಕೇಳಲೇಬೇಕಾದ ಪ್ರಶ್ನೆಯೊಂದುಂಟು: "ಇದು ಬೇಸಿಗೆಗೆ ತಾಳುತ್ತದೆಯೇ?" ಬೇರೆ ಊರುಗಳಲ್ಲಿ ಬಣ್ಣವನ್ನು ನೋಡಿ, ಬೆಲೆಯನ್ನು ಕೇಳಿ, ಸಾಮಾನನ್ನು ಮನೆಗೆ ತಂದುಬಿಡಬಹುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲದ ಈ ಊರಿನಲ್ಲಿ ಹಾಗೆ ಮಾಡುವಂತಿಲ್ಲ. ಬೋಳುಬಂಡೆಯ ಕೋಟೆಗುಡ್ಡವು ಹಗಲೆಲ್ಲ ಹೀರಿಕೊಂಡ ಬಿಸಿಲನ್ನು ಇರುಳಿನಲ್ಲಿ ಊರಿಗೆ ಮರಳಿ ಕೊಡುತ್ತದೆ. ಚಪ್ಪಲಿಯ ಅಂಟು ಬಿಡುತ್ತದೆ. ಬಾಗಿಲಿನ ಬಣ್ಣ ಸಿಪ್ಪೆಯೇಳುತ್ತದೆ. ತಾರಸಿಯ ತೊಟ್ಟಿಯ ನೀರಿನಲ್ಲಿ ಮಧ್ಯಾಹ್ನದ ಹೊತ್ತು ಕೈಯಿಡುವವರಿಲ್ಲ. ಆದುದರಿಂದ ಇಲ್ಲಿಯ ಗೃಹಸ್ಥರು ಕೊಡೆಯಿಂದ ಹಿಡಿದು ಔಷಧಿಯ ಸೀಸೆಯವರೆಗೆ ಪ್ರತಿಯೊಂದನ್ನೂ ವೈಶಾಖದ ಕಣ್ಣಿನಿಂದಲೇ ನೋಡುವುದನ್ನು ಕಲಿತಿದ್ದಾರೆ.

ಈ ದೃಷ್ಟಿಯ ಪರೀಕ್ಷೆಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಪದಾರ್ಥವೂ ಬಂದು ನಿಂತಿದೆ. ಅದೇ ಕಂಪ್ಯೂಟರಿನ ಮದರ್‌ಬೋರ್ಡ್.

ಮದರ್‌ಬೋರ್ಡ್ ಎಂಬ ಹೆಸರನ್ನಿಟ್ಟವನು ಸಂಸಾರಸ್ಥನೇ ಆಗಿರಬೇಕು. ಕಂಪ್ಯೂಟರಿನ ಮಾತು ಬಂದಾಗ ಎಲ್ಲರೂ ಪ್ರಾಸೆಸರಿನ ಹೆಸರನ್ನು ಹೇಳುತ್ತಾರೆ. ಲೆಕ್ಕವನ್ನೆಲ್ಲ ಮಾಡುವವನು ಅವನು; ಗಳಿಸುವ ಮಗನಂತೆ ಅವನಿಗೆ ಕೀರ್ತಿ. ಆದರೆ ಅವನಿಗೆ ಹೊತ್ತುಹೊತ್ತಿಗೆ ತಕ್ಕಷ್ಟು ವಿದ್ಯುತ್ತನ್ನು ಬಡಿಸುವುದು, ನೆನಪಿನ ಪಟ್ಟಿಯಾದ ರ‍್ಯಾಮಿನೊಡನೆ ಮಾತುಕತೆ ನಡೆಸಿಕೊಡುವುದು, ಡಿಸ್ಕು, ಪರದೆ, ಕೀಲಿಮಣೆ ಇವುಗಳನ್ನೆಲ್ಲ ಒಂದೇ ಸೂರಿನಡಿಯಲ್ಲಿ ಜಗಳವಿಲ್ಲದೆ ಇರಿಸಿಕೊಳ್ಳುವುದು, ಇದೆಲ್ಲವೂ ಆ ಹಲಗೆಯ ಕೆಲಸ. ಎಲ್ಲವೂ ಸರಿಯಾಗಿರುವಾಗ ಅದರ ನೆನಪು ಯಾರಿಗೂ ಬಾರದು. ಒಂದು ದಿನ ಅದು ಕೈ ಸೋತು ಕುಳಿತರೆ ಇಡೀ ಮನೆ ನಿಂತುಹೋಗುತ್ತದೆ.

ಇಂಥ ಹಲಗೆಯನ್ನು ಸಾಮಾನ್ಯ ಕೆಲಸಕ್ಕಾಗಿ ಆರಿಸುವುದು ಕಷ್ಟವಲ್ಲ. ಕಷ್ಟವು ಬರುವುದು ಓವರ್‌ಕ್ಲಾಕಿಂಗ್ ಎಂಬ ಹಂಬಲ ಹುಟ್ಟಿದಾಗ. ಪ್ರಾಸೆಸರನ್ನು ತಯಾರಿಸಿದವರು ಅದಕ್ಕೊಂದು ವೇಗವನ್ನು ಗೊತ್ತುಮಾಡಿ ಮುದ್ರೆಯೊತ್ತಿರುತ್ತಾರೆ. ಆ ವೇಗವನ್ನು ಮೀರಿ ಅದನ್ನು ಓಡಿಸುವುದಕ್ಕೆ ಈ ಹೆಸರು. ಇದು ಹುಟ್ಟಿದ್ದು ದುಂದುಗಾರಿಕೆಯಿಂದಲ್ಲ, ಮಿತವ್ಯಯದಿಂದ. 1998ರಲ್ಲಿ ಇಂಟೆಲ್ ಕಂಪನಿಯು ಸೆಲೆರಾನ್ 300ಎ ಎಂಬ ಅಗ್ಗದ ಪ್ರಾಸೆಸರನ್ನು ಹೊರತಂದಿತು. ಅದರ ನಿಗದಿತ ವೇಗ 300 ಮೆಗಾಹರ್ಟ್ಸ್. ಬೋರ್ಡಿನ ಬಸ್ ವೇಗವನ್ನು 66ರಿಂದ 100ಕ್ಕೆ ಏರಿಸಿದರೆ ಅದೇ ತುಣುಕು 450 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಎಲ್ಲವೂ ಹಾಗೆ ಓಡುತ್ತಿದ್ದವೆಂದಲ್ಲ, ಬಹಳಷ್ಟು ಓಡುತ್ತಿದ್ದವು. ಆ ಕಾಲದಲ್ಲಿ ಅಬಿಟ್ ಬಿಎಚ್6 ಎಂಬ ಬೋರ್ಡು ಹೆಸರು ಮಾಡಿದ್ದೇ ಇದಕ್ಕಾಗಿ. ಸಣ್ಣ ಸಣ್ಣ ಜಂಪರುಗಳನ್ನು ಚಿಮಟದಿಂದ ಕಿತ್ತು ನೆಡುವ ಬದಲು, ಪರದೆಯ ಮೇಲಿನ ಬಯೋಸ್ ಪಟ್ಟಿಯಲ್ಲಿಯೇ ವೇಗವನ್ನು ಬದಲಾಯಿಸುವ ಅನುಕೂಲವನ್ನು ಅದು ಒದಗಿಸಿತ್ತು. ಕಡಿಮೆ ಕಾಸಿಗೆ ಹೆಚ್ಚು ಕೆಲಸ! ಇದನ್ನು ಮೆಚ್ಚದ ಮಧ್ಯಮವರ್ಗದ ಮನೆ ಎಲ್ಲಿಯಾದರೂ ಇದ್ದೀತೇ?

ವರ್ಷಗಳುರುಳಿದಂತೆ ಕಂಪನಿಗಳಿಗೂ ಈ ಗುಟ್ಟು ತಿಳಿಯಿತು. ಹಿಂದೆ ಬಳಕೆದಾರನು ತನ್ನ ಜಾಣತನದಿಂದ ಪಡೆಯುತ್ತಿದ್ದುದನ್ನು ಅವರು ಬೆಲೆಗೆ ಮಾರತೊಡಗಿದರು. ಇಂಟೆಲ್ ಪ್ರಾಸೆಸರುಗಳಲ್ಲಿ ಹೆಸರಿನ ಕೊನೆಗೆ 'ಕೆ' ಅಕ್ಷರವುಳ್ಳವುಗಳಿಗೆ ಮಾತ್ರ ವೇಗದ ಬೀಗವನ್ನು ತೆಗೆದಿರುತ್ತಾರೆ. ಅಷ್ಟೇ ಸಾಲದು, ಬೋರ್ಡೂ ಝಡ್ 690, ಝಡ್ 790 ಮೊದಲಾದ 'ಝಡ್' ವರ್ಗಕ್ಕೆ ಸೇರಿರಬೇಕು. ಎಎಂಡಿ ಕಂಪನಿಯವರು ಇನ್ನಷ್ಟು ಉದಾರಿಗಳು. ಅವರ ರೈಜೆನ್ ಪ್ರಾಸೆಸರುಗಳಲ್ಲಿ ಹೆಚ್ಚಿನವು ಬೀಗವಿಲ್ಲದವು. ಬಿ 550, ಬಿ 650ರಂಥ ಮಧ್ಯಮ ಬೆಲೆಯ ಬೋರ್ಡುಗಳಲ್ಲಿಯೂ ಅವುಗಳ ವೇಗವನ್ನು ಏರಿಸಬಹುದು. ಎ 520, ಎ 620ರಂಥ ಅಗ್ಗದ ವರ್ಗದಲ್ಲಿ ಪ್ರಾಸೆಸರನ್ನು ಓವರ್‌ಕ್ಲಾಕ್ ಮಾಡುವ ಅವಕಾಶವಿಲ್ಲ. ಈ ಅಕ್ಷರಮಾಲೆಯನ್ನು ತಿಳಿಯದೆ ಅಂಗಡಿಗೆ ಹೋದವನು 'ಕೆ' ಪ್ರಾಸೆಸರಿಗೆ ಹೆಚ್ಚು ಹಣ ತೆತ್ತು, ಅದನ್ನು ಬೀಗ ಹಾಕಿದ ಬೋರ್ಡಿನ ಮೇಲೆ ಕೂಡಿಸಿಕೊಂಡು ಬರುವುದುಂಟು. ಓಡುವ ಕುದುರೆಯನ್ನು ಕೊಂಡು ಗಾಣಕ್ಕೆ ಕಟ್ಟಿದಂತಾಯಿತು.

ಬಳ್ಳಾರಿಯ ಬ್ರೂಸ್‌ಪೇಟೆಯ ಕಡೆಯ ಒಂದು ಮನೆಗೆ ಈ ಪ್ರಶ್ನೆ ಬಂದ ಬಗೆಯನ್ನು ನೋಡಬಹುದು. ಯಜಮಾನರು ಹೈಸ್ಕೂಲಿನಲ್ಲಿ ಗಣಿತವನ್ನು ಬೋಧಿಸಿ ನಿವೃತ್ತರಾದವರು. ಹಿರಿಯ ಮಗನದು ಫೋಟೋ ಸ್ಟುಡಿಯೋ. ಸಿರುಗುಪ್ಪದ ಕಲ್ಯಾಣಮಂಟಪವಿರಲಿ, ಕುರುಗೋಡಿನ ದೊಡ್ಡಬಸವೇಶ್ವರನ ಸನ್ನಿಧಿಯಿರಲಿ, ಮುಹೂರ್ತವೆಲ್ಲಿಯೋ ಅಲ್ಲಿ ಅವನ ಕ್ಯಾಮೆರಾ. ಕಿರಿಯ ಮಗ ಎಂಜಿನಿಯರಿಂಗ್ ವಿದ್ಯಾರ್ಥಿ. ಸ್ಟುಡಿಯೋದ ಹಳೆಯ ಕಂಪ್ಯೂಟರು ಮದುವೆಯ ಚಿತ್ರವೊಂದನ್ನು ಜೋಡಿಸಿ ಮುಗಿಸಲು ಇಡೀ ರಾತ್ರಿ ತೆಗೆದುಕೊಳ್ಳುತ್ತಿತ್ತು. ಹೊಸದನ್ನು ಕೊಳ್ಳುವುದೆಂದು ನಿಶ್ಚಯವಾಯಿತು. ಬಿಡಿಭಾಗಗಳನ್ನು ಆರಿಸಿ ಜೋಡಿಸುವ ಹೊಣೆಯನ್ನು ಕಿರಿಯನು ವಹಿಸಿಕೊಂಡ. ವಹಿಸಿಕೊಂಡವನು ಅದನ್ನು ಓವರ್‌ಕ್ಲಾಕ್ ಮಾಡುವುದೆಂದೂ ಸಾರಿಬಿಟ್ಟ. ಹಿರಿಯನಿಗೆ ಕೆಲಸ ಬೇಗ ಮುಗಿದರೆ ಸಾಕಾಗಿತ್ತು. ತಂದೆಗೆ ಮಾತ್ರ ಹಣ ತಮ್ಮ ನಿವೃತ್ತಿಯ ಉಳಿತಾಯದ್ದೆಂಬ ನೆನಪಿತ್ತು.

"ಹತ್ತು ಪಾಲು ಬೇಗ ಓಡಿಸಿದ್ರೆ ಹತ್ತು ಪಾಲು ಹೆಚ್ಚಿಗೆ ಕರೆಂಟು ತಾನೇ, ಅಪ್ಪಾ?" ಎಂದು ಮಗ ಸಮಾಧಾನ ಹೇಳಿದ.

ಗಣಿತದ ಮೇಷ್ಟರು ಅಷ್ಟಕ್ಕೆ ಒಪ್ಪುವವರಲ್ಲ. ಪ್ರಾಸೆಸರು ಹೀರುವ ಶಕ್ತಿಗೆ ಸೂತ್ರವೇನೆಂದು ಕೇಳಿದರು. ಅದು ವೇಗಕ್ಕೆ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆಯೆಂದು ಮಗ ಹೇಳಿದ. ವೇಗವನ್ನು ಏರಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಲೇಬೇಕು. ಮೇಷ್ಟರು ಲಗ್ನಪತ್ರಿಕೆಯೊಂದರ ಬೆನ್ನಿನ ಮೇಲೆ ಲೆಕ್ಕ ಹಾಕಿದರು. ಎರಡೂ ಶೇಕಡಾ 10ರಷ್ಟು ಏರಿದರೆ, 1.1ನ್ನು ಮೂರು ಸಲ ಗುಣಿಸಬೇಕು, ಬರುವುದು 1.33. ಕೆಲಸ ಹೆಚ್ಚುವುದು ಹತ್ತು ಪಾಲು, ಕಾವು ಹೆಚ್ಚುವುದು ಮೂವತ್ತಮೂರು ಪಾಲು.

ಆ ಮೇಲೆ ಅವರು ಎರಡನೆಯ ಲೆಕ್ಕಕ್ಕೆ ಕೈಯಿಟ್ಟರು. ಗಾಳಿಯಿಂದ ತಂಪುಗೊಳ್ಳುವ ಯಂತ್ರವು ಕೋಣೆಯ ಉಷ್ಣಮಾನಕ್ಕಿಂತ ಕೆಳಕ್ಕೆ ಎಂದೂ ಇಳಿಯಲಾರದು; ಕೋಣೆಯ ಕಾವಿನ ಮೇಲೆ ತನ್ನ ಕಾವನ್ನು ಕೂಡಿಸಿಕೊಂಡೇ ಅದು ನಿಲ್ಲಬೇಕು. 150 ವ್ಯಾಟ್ ಹೀರುವ ಪ್ರಾಸೆಸರು ಕೋಣೆಗಿಂತ 50 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆಂದು ಇಟ್ಟುಕೊಳ್ಳಬಹುದು. ಡಿಸೆಂಬರಿನಲ್ಲಿ ಕೋಣೆ 24 ಇದ್ದರೆ ಅದು 74ಕ್ಕೆ ನಿಲ್ಲುತ್ತದೆ. ಓವರ್‌ಕ್ಲಾಕ್ ಮಾಡಿ 200 ವ್ಯಾಟಿಗೆ ಏರಿಸಿದರೆ ಏರಿಕೆ ಸುಮಾರು 66 ಡಿಗ್ರಿ. ಆಗಲೂ 90ಕ್ಕೆ ನಿಂತೀತು. ಆದರೆ ಮದುವೆಗಳು ಡಿಸೆಂಬರಿನಲ್ಲಿ ಮುಗಿದುಹೋಗುವುದಿಲ್ಲ. ಸ್ಟುಡಿಯೋಕ್ಕೆ ಉಸಿರಾಡಲು ಬಿಡುವಿಲ್ಲದ ಕಾಲವೇ ಏಪ್ರಿಲ್ ಮತ್ತು ಮೇ. ಸೂರಿನ ಕೆಳಗಿನ ಮಹಡಿಯ ಕೋಣೆ ಆಗ 40 ಡಿಗ್ರಿ. ಸಾದಾ ವೇಗದಲ್ಲಿಯೇ ಪ್ರಾಸೆಸರು 90ಕ್ಕೆ ಬಂದಿರುತ್ತದೆ. ಓವರ್‌ಕ್ಲಾಕ್ ಮಾಡಿದರೆ 106. ಇಂದಿನ ಪ್ರಾಸೆಸರುಗಳು ಸುಮಾರು 95ರಿಂದ 100 ಡಿಗ್ರಿ ಮುಟ್ಟುತ್ತಲೇ ತಮ್ಮನ್ನು ರಕ್ಷಿಸಿಕೊಳ್ಳಲು ತಾವೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಎಂದರೆ ಬಳ್ಳಾರಿಯ ಮೇ ತಿಂಗಳಲ್ಲಿ ಏರಿಸಿದ ವೇಗವೆಲ್ಲ ಬಿಸಿಲಿನ ಪಾಲು.

ಮಗ ನಿರುತ್ತರನಾದನೆಂದು ತಿಳಿಯಬಾರದು. "ಹಾಗಾದ್ರೆ ಬೋರ್ಡನ್ನ ಇನ್ನೂ ಹುಷಾರಾಗಿ ಆರಿಸಬೇಕು," ಎಂದ. ಈ ಮಾತಿನಲ್ಲಿ ಸತ್ಯವಿತ್ತು.

ಕಾವು ಪ್ರಾಸೆಸರಿನಲ್ಲಿ ಮಾತ್ರ ಹುಟ್ಟುವುದಿಲ್ಲ. ಅದಕ್ಕೆ ವಿದ್ಯುತ್ತನ್ನು ಬಡಿಸುವ ಬೋರ್ಡಿನ ಭಾಗದಲ್ಲಿಯೂ ಹುಟ್ಟುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಬರುವುದು 12 ವೋಲ್ಟ್. ಪ್ರಾಸೆಸರಿಗೆ ಬೇಕಾದದ್ದು ಒಂದೂಕಾಲು ವೋಲ್ಟಿನಷ್ಟು. ಈ ಇಳಿಕೆಯನ್ನು ಮಾಡುವ ವಿಭಾಗಕ್ಕೆ ವಿ.ಆರ್.ಎಂ. ಎನ್ನುತ್ತಾರೆ. 150 ವ್ಯಾಟನ್ನು 1.25 ವೋಲ್ಟಿನಿಂದ ಭಾಗಿಸಿದರೆ 120 ಆಂಪಿಯರ್ ಬರುತ್ತದೆ. ಫ್ರಿಜ್ಜು, ಪಂಪು, ಮಿಕ್ಸಿ ಎಲ್ಲವೂ ಓಡುವ ಒಂದು ಸಾಧಾರಣ ಮನೆಯ ಮೇನ್ ತಂತಿಯಲ್ಲಿಯೂ ಅಷ್ಟು ಪ್ರವಾಹ ಹರಿಯುವುದಿಲ್ಲ. ಅಂಗೈಯಗಲದ ಜಾಗದಲ್ಲಿ ಅದನ್ನು ನಿಭಾಯಿಸಬೇಕು. ನೂರಕ್ಕೆ ತೊಂಬತ್ತು ಪಾಲು ದಕ್ಷತೆಯಿಂದ ಕೆಲಸ ನಡೆದರೂ ಸುಮಾರು 17 ವ್ಯಾಟು ಅಲ್ಲಿಯೇ ಕಾವಾಗಿ ಉಳಿಯುತ್ತದೆ. ಆ ಕಾವಿನ ನೆರೆಯಲ್ಲಿಯೇ ಕೆಪಾಸಿಟರುಗಳು ನಿಂತಿರುತ್ತವೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯವು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆಯೆಂಬುದು ಎಂಜಿನಿಯರರ ಬಳಕೆಯ ಸೂತ್ರ. 2000ದ ನಂತರದ ಮೊದಲ ವರ್ಷಗಳಲ್ಲಿ ಕಳಪೆ ಕೆಪಾಸಿಟರುಗಳು ಬೋರ್ಡುಗಳ ಮೇಲೆ ಪೂರಿಯಂತೆ ಉಬ್ಬಿ ಒಡೆದ ಪ್ರಸಂಗವನ್ನು ಹಳೆಯ ರಿಪೇರಿಯವರು ಇನ್ನೂ ಮರೆತಿಲ್ಲ.

ಕಿರಿಯ ಮಗ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು ಬೆಳಗ್ಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಇಳಿದುದು ಈ ತಿಳಿವಳಿಕೆಯೊಡನೆ. ತಂದೆಯೂ ಜೊತೆಯಲ್ಲಿದ್ದರು. ಅಂಗಡಿಯವರು ಗಾಜಿನ ಮೇಜಿನ ಮೇಲೆ ಎರಡು ಬೋರ್ಡುಗಳನ್ನು ಇಟ್ಟರು. ಎರಡೂ ಬಿ 650 ವರ್ಗದವು. ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ಒಂದಕ್ಕೆ ಅಂಚಿನುದ್ದಕ್ಕೂ ಬಣ್ಣಬಣ್ಣದ ದೀಪಗಳು, ದಸರೆಯ ಮೆರವಣಿಗೆಯನ್ನು ನೆನಪಿಗೆ ತರುವಂತಿದ್ದವು. ಇನ್ನೊಂದಕ್ಕೆ ದೀಪವಿಲ್ಲ, ವಿ.ಆರ್.ಎಂ. ಮೇಲೆ ಗೀರುಗೀರಾಗಿ ಕತ್ತರಿಸಿದ ದಪ್ಪನೆಯ ಅಲ್ಯೂಮಿನಿಯಮ್ ಹೀಟ್‌ಸಿಂಕು.

"ಹುಡುಗರೆಲ್ಲ ಇದನ್ನೇ ಒಯ್ತಾರೆ, ಸಾರ್," ಎಂದು ಅಂಗಡಿಯವರು ದೀಪದ ಬೋರ್ಡನ್ನು ಮುಂದಕ್ಕೆ ತಳ್ಳಿದರು.

ಹುಡುಗನ ಕಣ್ಣು ಒಂದು ಕ್ಷಣ ಅತ್ತ ಹರಿದುದು ಸಹಜ. ಆದರೆ ಅವನು ಕೇಳಬೇಕಾದುದನ್ನು ಕೇಳಿದ. ಪೆಟ್ಟಿಗೆಯ ಮೇಲೆ ಇಷ್ಟು ಫೇಸುಗಳೆಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದು ಪೂರ್ತಿ ಕಥೆಯಲ್ಲ; ಒಂದೇ ಫೇಸನ್ನು ಸೀಳಿ ಎರಡೆಂದು ಎಣಿಸುವ ಪದ್ಧತಿಯೂ ಉಂಟು. ಪ್ರತಿಯೊಂದು ಎಷ್ಟು ಆಂಪಿಯರ್ ಹೊರಬಲ್ಲದು, ಹೀಟ್‌ಸಿಂಕಿಗೆ ಗಾಳಿಯಾಡುವ ಗೀರುಗಳಿವೆಯೇ ಅಥವಾ ಅಂದಕ್ಕಾಗಿ ಮುಚ್ಚಿದ ತಗಡೇ, ಪ್ರಾಸೆಸರಿಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸನ್ನು ಹೊಸದುಮಾಡುವ ಗುಂಡಿಯಿದೆಯೇ, ತಯಾರಕರು ಹಳೆಯ ಬೋರ್ಡುಗಳಿಗೂ ಬಯೋಸ್ ತಿದ್ದುಪಡಿಗಳನ್ನು ಕೊಡುತ್ತ ಬಂದಿದ್ದಾರೆಯೇ, ಇವು ಅವನ ಪ್ರಶ್ನೆಗಳು.

ಕೊನೆಯ ಪ್ರಶ್ನೆ ಸಣ್ಣದಲ್ಲ. 2023ರ ಏಪ್ರಿಲಿನಲ್ಲಿ ಎಎಂಡಿಯ ರೈಜೆನ್ 7000 ವರ್ಗದ ಕೆಲವು ಪ್ರಾಸೆಸರುಗಳು ಸುಟ್ಟ ಸುದ್ದಿ ಬಂದಾಗ, ಪ್ರಾಸೆಸರಿನ ಒಂದು ಭಾಗಕ್ಕೆ ಹೋಗುವ ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸಿದ್ದು ಬಯೋಸ್ ತಿದ್ದುಪಡಿಯ ಮೂಲಕವೇ. 2024ರಲ್ಲಿ ಇಂಟೆಲ್ ತನ್ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರಾಸೆಸರುಗಳಲ್ಲಿ ಕೆಲವು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿರುವುದನ್ನು ಒಪ್ಪಿಕೊಂಡು ವಾರಂಟಿಯನ್ನು 2 ವರ್ಷ ವಿಸ್ತರಿಸಿತು; ಅದರ ಪರಿಹಾರವೂ ಬಳಕೆದಾರರಿಗೆ ತಲುಪಿದ್ದು ಬೋರ್ಡಿನ ಬಯೋಸಿನ ದಾರಿಯಲ್ಲಿಯೇ. ಬೋರ್ಡನ್ನು ಕೊಳ್ಳುವವನು ಹಲಗೆಯನ್ನು ಮಾತ್ರ ಕೊಳ್ಳುವುದಿಲ್ಲ, ಮುಂದಿನ ನಾಲ್ಕೈದು ವರ್ಷಗಳ ಆರೈಕೆಯನ್ನೂ ಕೊಳ್ಳುತ್ತಾನೆ.

ತಂದೆಯವರು ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ವೇಗ ಏರಿಸಿ ಕೆಟ್ಟರೆ ವಾರಂಟಿ ಉಂಟೋ?" ಓವರ್‌ಕ್ಲಾಕ್ ಮಾಡಿದ ಪ್ರಾಸೆಸರಿಗೆ ಉಂಟಾದ ಹಾನಿಯನ್ನು ಎರಡೂ ಕಂಪನಿಗಳ ವಾರಂಟಿ ಒಳಗೊಳ್ಳುವುದಿಲ್ಲವೆಂದು ಅಂಗಡಿಯವರು ಮರೆಮಾಚದೆ ಹೇಳಿದರು. ದೀಪವಿಲ್ಲದ ಬೋರ್ಡು ಚೀಲಕ್ಕೆ ಬಂತು.

ಮನೆಯಲ್ಲಿ ಯಂತ್ರವನ್ನು ಜೋಡಿಸುವ ಮುನ್ನ ಇನ್ನೆರಡು ಕೆಲಸಗಳಾದವು. ಹಳೆಯ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುವುದು ಆ ಮನೆಯವರಿಗೆಲ್ಲ ರೂಢಿಯಾಗಿತ್ತು. ಮನೆಯ ಅರ್ತ್ ಸರಿಯಿಲ್ಲದಿರುವುದರ ಗುರುತು ಅದು. ಬೇಸಿಗೆಯಲ್ಲಿ ನೆಲ ಒಣಗಿದಷ್ಟೂ ಅರ್ತ್ ದುರ್ಬಲವಾಗುತ್ತದೆ. ಎಲೆಕ್ಟ್ರಿಷಿಯನ್ನನನ್ನು ಕರೆಯಿಸಿ, ಇದ್ದಿಲು ಮತ್ತು ಉಪ್ಪು ತುಂಬಿದ ಹೊಸ ಗುಂಡಿಯನ್ನು ಮಾಡಿಸಿದರು. ತುಳಸಿಗೆ ನೀರೆರೆಯುವಾಗ ಅದಕ್ಕೂ ಒಂದು ಬಿಂದಿಗೆ ಎರೆಯುವ ಕೆಲಸವನ್ನು ಮನೆಯ ಯಜಮಾನಿತಿ ವಹಿಸಿಕೊಂಡರು. ಎರಡನೆಯದು ಧೂಳಿನದು. ಹಿತ್ತಲಿನಾಚೆಗೆ ಜೀನ್ಸ್ ಹೊಲಿಯುವ ಘಟಕವೊಂದಿದ್ದುದರಿಂದ ಕೆಂಪು ಧೂಳಿನ ಜೊತೆಗೆ ಹತ್ತಿಯ ನವಿರು ಎಳೆಗಳೂ ಹಾರಿಬರುತ್ತಿದ್ದವು. ಹೀಟ್‌ಸಿಂಕಿನ ಗೀರುಗಳಿಗೆ ಇಂಥ ಎಳೆಗಳು ಅಂಟಿದರೆ ಎಂಥ ಉತ್ತಮ ಬೋರ್ಡೂ ಕಂಬಳಿ ಹೊದ್ದಂತಾಗುತ್ತದೆ. ಆದುದರಿಂದ ಗಾಳಿ ಒಳಬರುವ ಕಡೆ ಜಾಲರಿ, ತಿಂಗಳಿಗೊಮ್ಮೆ ಬ್ರಷ್ಷಿನ ಸೇವೆ.

ನವೆಂಬರಿನಲ್ಲಿ ಯಂತ್ರ ಸಿದ್ಧವಾಯಿತು. ಕಿರಿಯನು ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲಿಯೂ ಗಂಟೆಗಟ್ಟಲೆ ಪರೀಕ್ಷಿಸುತ್ತ ಹೋದ. ಒಂದು ಎತ್ತರದಲ್ಲಿ ಯಂತ್ರ ನಿಂತುಹೋಯಿತು. ಒಂದು ಮೆಟ್ಟಿಲು ಇಳಿಸಿದರೆ ನಿಲ್ಲದೆ ಓಡಿತು. ಅವನಿಗೆ ಹಿಗ್ಗು. ಆದರೆ ರ‍್ಯಾಮಿನ ವೇಗವನ್ನೂ ಏರಿಸಿದ ಒಂದು ರಾತ್ರಿ, ಯಂತ್ರ ನಿಲ್ಲಲೂ ಇಲ್ಲ, ದೂರಲೂ ಇಲ್ಲ. ಬೆಳಗ್ಗೆ ನೋಡಿದರೆ ಪರೀಕ್ಷೆಗೆಂದು ಇಟ್ಟಿದ್ದ ಚಿತ್ರದ ನಡುವೆ ಒಂದೆಡೆ ಹಸಿರು ಚೌಕಗಳು ಚೆಲ್ಲಿದ್ದವು.

ಹಿರಿಯನು ಅದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. "ಇದು ನಮ್ಮದೇ ಪರೀಕ್ಷೆಯ ಚಿತ್ರ, ಸರಿ. ಯಾರದಾದರೂ ಧಾರೆಯ ಹೊತ್ತಾಗಿದ್ರೆ?" ಎಂದ. "ಹುಡುಗಿಯ ತಂದೆ ಕೈಯಲ್ಲಿ ನೀರು ಹಿಡ್ಕೊಂಡು ಅಳೋದನ್ನ ಎರಡನೇ ಸಲ ತೆಗಿಯೋಕಾಗುತ್ತೇನೋ?"

ಓವರ್‌ಕ್ಲಾಕಿಂಗಿನ ನಿಜವಾದ ಅಪಾಯವು ಇಲ್ಲಿದೆ. ಸುಟ್ಟುಹೋದ ಯಂತ್ರವನ್ನು ಹಣ ಕೊಟ್ಟು ಮರಳಿ ತರಬಹುದು. ಕೆಟ್ಟಿರುವುದು ತಿಳಿದಾದರೂ ತಿಳಿಯುತ್ತದೆ. ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುವ ಯಂತ್ರವನ್ನು ಗುರುತಿಸುವುದು ಕಷ್ಟ. ಆಟಕ್ಕೆ ಮಾತ್ರ ಬಳಸುವ ಕಂಪ್ಯೂಟರಿನಲ್ಲಿ ಆ ತಪ್ಪಿಗೆ ಬೆಲೆಯಿಲ್ಲದಿರಬಹುದು. ಪರರ ನೆನಪುಗಳನ್ನು ನಂಬಿಕೆಯಿಂದ ತಂದಿರಿಸುವ ಕಡೆ ಅದಕ್ಕೆ ಎಡೆಯಿಲ್ಲ. ರ‍್ಯಾಮು ಅಂದೇ ತನ್ನ ನಿಗದಿತ ವೇಗಕ್ಕೆ ಮರಳಿತು.

ಫೆಬ್ರವರಿ ಕಳೆದು ಬಿಸಿಲು ಬಲಿಯತೊಡಗಿದಾಗ ಮೇಷ್ಟರು ಲಗ್ನಪತ್ರಿಕೆಯ ಲೆಕ್ಕವನ್ನು ಮತ್ತೆ ಹೊರತೆಗೆದರು. ಏರಿಸಿದರೆ ಹೀಗಾಗುವುದಾದರೆ, ಇಳಿಸಿದರೆ ಏನಾಗುತ್ತದೆ? ವೇಗವನ್ನು ಶೇಕಡಾ 5ರಷ್ಟೂ ವೋಲ್ಟೇಜನ್ನು ಶೇಕಡಾ 10ರಷ್ಟೂ ತಗ್ಗಿಸಿದರೆ 0.95ನ್ನು 0.81ರಿಂದ ಗುಣಿಸಬೇಕು, ಬರುವುದು 0.77. ಇಪ್ಪತ್ತಕ್ಕೆ ಒಂದು ಪಾಲು ಕೆಲಸ ಬಿಟ್ಟುಕೊಟ್ಟರೆ ನಾಲ್ಕಕ್ಕೆ ಒಂದು ಪಾಲಿನ ಹತ್ತಿರ ಕಾವು ಉಳಿತಾಯ! 150 ವ್ಯಾಟು 115ಕ್ಕೆ ಬರುತ್ತದೆ; 40 ಡಿಗ್ರಿಯ ಕೋಣೆಯಲ್ಲಿಯೂ ಪ್ರಾಸೆಸರು 80ರೊಳಗೆ ನಿಲ್ಲುತ್ತದೆ.

ಮಗನಿಗೆ ಇದು ಹೊಸ ಬಾಗಿಲನ್ನು ತೆರೆದಂತಾಯಿತು. ಈಚಿನ ಪ್ರಾಸೆಸರುಗಳು ಕಾವಿಗೂ ವಿದ್ಯುತ್ತಿಗೂ ಅವಕಾಶವಿದ್ದಷ್ಟು ವೇಗವನ್ನು ತಾವಾಗಿಯೇ ಏರಿಸಿಕೊಳ್ಳುತ್ತವೆ. 2020ರಲ್ಲಿ ರೈಜೆನ್ 5000ದ ಕಾಲಕ್ಕೆ ಬಂದ ಕರ್ವ್ ಆಪ್ಟಿಮೈಸರ್ ಎಂಬ ಏರ್ಪಾಟಿನಿಂದ ವೋಲ್ಟೇಜನ್ನು ಅಳತೆಯಲ್ಲಿ ತಗ್ಗಿಸಿದರೆ, ಉಳಿದ ಅವಕಾಶವನ್ನು ಪ್ರಾಸೆಸರು ಓಟಕ್ಕೆ ಬಳಸಿಕೊಳ್ಳುತ್ತದೆ. ಎಷ್ಟರಮಟ್ಟಿಗೆ ತಗ್ಗಿಸಬಹುದೆಂಬುದು ತುಣುಕಿನಿಂದ ತುಣುಕಿಗೆ ಬೇರೆ. ಇದೂ ನಿಗದಿಯ ಹೊರಗಿನ ಹೊಂದಾಣಿಕೆಯೇ ಆದುದರಿಂದ ವಾರಂಟಿಯ ಮಾತೂ ದೀರ್ಘ ಪರೀಕ್ಷೆಯ ಕಷ್ಟವೂ ತಪ್ಪುವುದಿಲ್ಲ. ಆದರೂ ಏರಿಸುವುದರಲ್ಲಿ ಅವನು ಕಂಡಿದ್ದ ಉತ್ಸಾಹವೆಲ್ಲ ಈಗ ಇಳಿಸುವುದರಲ್ಲಿಯೂ ದೊರೆಯಿತು.

ಬೋರ್ಡಿನ ಬಯೋಸಿನಲ್ಲಿ ಹೊಂದಾಣಿಕೆಗಳನ್ನು ಬೇರೆ ಬೇರೆ ಹೆಸರಿನಿಂದ ಉಳಿಸಿಡುವ ಸೌಕರ್ಯವಿತ್ತು. ಅವನು ಎರಡನ್ನು ಉಳಿಸಿದ. ಒಂದಕ್ಕೆ 'ಕಾರ್ತಿಕ' ಎಂದು ಹೆಸರು: ಚಳಿಗಾಲದ ರಾತ್ರಿಗಳಲ್ಲಿ, ಸ್ಟುಡಿಯೋದ ಕೆಲಸವಿಲ್ಲದಾಗ, ತನ್ನ ಆಟಕ್ಕೂ ಪ್ರಯೋಗಕ್ಕೂ ಏರಿಸಿದ ವೇಗ. ಇನ್ನೊಂದು 'ವೈಶಾಖ': ತಗ್ಗಿಸಿದ ವೋಲ್ಟೇಜು, ಮಿತಿ ಹಾಕಿದ ವಿದ್ಯುತ್ತು, ನಿಗದಿತ ವೇಗದ ರ‍್ಯಾಮು. ಯುಗಾದಿಯ ದಿನ ಮನೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದ ಮೇಲೆ ಯಂತ್ರವನ್ನು ಎರಡನೆಯದಕ್ಕೆ ಬದಲಾಯಿಸುವುದೆಂದು ಗೊತ್ತಾಯಿತು.

ಹಾಗಾದರೆ ಓವರ್‌ಕ್ಲಾಕ್ ಮಾಡಲು ಬರುವ ಬೋರ್ಡಿಗೆ ಹೆಚ್ಚು ಹಣ ಕೊಟ್ಟದ್ದು ವ್ಯರ್ಥವಾಯಿತೇ ಎಂದು ಓದುಗರು ಕೇಳಬಹುದು. ವ್ಯರ್ಥವಾಗಲಿಲ್ಲ. 200 ವ್ಯಾಟನ್ನು ಹೊರಬಲ್ಲ ಹಲಗೆಗೆ 115 ವ್ಯಾಟನ್ನು ಹೊರಿಸಿದಾಗ ಅದು ಬಳ್ಳಾರಿಯ ಬೇಸಿಗೆಯಲ್ಲಿಯೂ ನಿರಾಯಾಸವಾಗಿ ನಡೆಯುತ್ತದೆ. ಬೆಟ್ಟ ಹತ್ತಬಲ್ಲ ಎತ್ತನ್ನು ಕೊಂಡವನು ಅದನ್ನು ದಿನವೂ ಬೆಟ್ಟ ಹತ್ತಿಸುವುದಿಲ್ಲ. ಬಯಲಿನಲ್ಲಿ ನಡುಮಧ್ಯಾಹ್ನ ಗಾಡಿ ಎಳೆಯುವಾಗ ಅದರ ಬಲ ಬೆಲೆಗೆ ಬರುತ್ತದೆ. ಬೋರ್ಡನ್ನು ಆರಿಸುವಾಗ ಅದು ಎಷ್ಟು ಎತ್ತರಕ್ಕೆ ಏರೀತೆಂದು ಕೇಳುವುದು ತಪ್ಪಲ್ಲ. ಅದರ ಜೊತೆಗೆ, ಮೇ ತಿಂಗಳ ಯಾವುದೋ ರಾತ್ರಿ, ಕರೆಂಟು ಹೋಗಿ ಬಂದು, ಫ್ಯಾನಿನ ಗಾಳಿಯೂ ಬಿಸಿಯಾಗಿರುವಾಗ, ಎಷ್ಟು ಹೊತ್ತು ತಪ್ಪಿಲ್ಲದೆ ದುಡಿದೀತೆಂದು ಕೇಳುವುದು ಬಿಸಿಲ ನಾಡಿನ ವಿವೇಕ.

ಆ ವರ್ಷದ ಮದುವೆಯ ಕಾಲದಲ್ಲಿ ಸ್ಟುಡಿಯೋದಿಂದ ಹೊರಟ ಚಿತ್ರಗಳು ಹೇಳಿದ ದಿನಕ್ಕೆ ಮನೆಮನೆ ಸೇರಿದವು. ಸಿರುಗುಪ್ಪದ ಒಬ್ಬ ತಾಯಿ ಮಗಳನ್ನು ಕಳುಹಿಸಿಕೊಟ್ಟ ದೃಶ್ಯವನ್ನು ಮೂರು ಸಲ ಹಾಕಿಸಿಕೊಂಡು ನೋಡಿದರಂತೆ. ಚಿತ್ರ ಎಷ್ಟು ಗಿಗಾಹರ್ಟ್ಸಿನಲ್ಲಿ ಸಿದ್ಧವಾಯಿತೆಂದು ಅವರು ಕೇಳಲಿಲ್ಲ.